ಹರಾಜಿನ ದಿನ ಹಾಕಿದ ಮೂರನೇ ಸ್ವಿಚ್ಚು

ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.

ತಿಪಟೂರು ಬಸ್ ಸ್ಟ್ಯಾಂಡಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೆ, ತುರುವೇಕೆರೆ ಕಡೆ ತೋಟಕ್ಕೆ ನೀರು ಬಿಟ್ಟು ಕರೆಂಟ್ ಯಾವಾಗ ಹೋಗುತ್ತೋ ಅಂತ ಕಾಯ್ತಿರೋರಿಗೆ, ಊರು ಬಿಟ್ಟು ಬೆಂಗಳೂರಲ್ಲಿ ಮೆಟ್ರೋ ಹತ್ತಿರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತಿನ ವಿಷಯ ಕೇಳಿದ ತಕ್ಷಣ ಕೆಲವರು ಸ್ಕಿಪ್ ಮಾಡಬಹುದು. ಈಗಾಗಲೇ ಕೆಲಸ ಮಾಡ್ತಿರೋ ನೆಟ್‌ವರ್ಕ್ ಸ್ವಿಚ್‌ಗಳ ಸ್ಟ್ಯಾಕ್‌ಗೆ ಇನ್ನೊಂದು ಹೊಸ ಸ್ವಿಚ್ ಸೇರಿಸೋದು ಹೇಗೆ, ಇದು ವಿಷಯ. ನಾನು ಓದಿದ್ದು ಬಿ.ಕಾಂ. ಎಂಜಿನಿಯರ್ ಅಲ್ಲ. ಆದ್ರೆ ಈ ಒಂದು ಕೆಲಸ ನನಗೆ ಚೆನ್ನಾಗಿ ಗೊತ್ತು. ಯಾಕಂದ್ರೆ ಇದನ್ನ ತಪ್ಪಾಗಿ ಮಾಡಿಸಿದ್ದು ನಾನು. ಬೈಸ್ಕೊಂಡಿದ್ದು ಇನ್ನೊಬ್ಬ.

ಸ್ಟ್ಯಾಕ್ ಅಂದ್ರೇನು?

ಮೊದಲು ಸ್ವಿಚ್. ಗೋಡೆ ಮೇಲಿನ ಲೈಟ್ ಸ್ವಿಚ್ ಅಲ್ಲ. ನಿಮ್ಮ ಮನೆ ವೈಫೈ ಪೆಟ್ಟಿಗೆ ಹಿಂದೆ ಕೇಬಲ್ ಹಾಕೋಕೆ ನಾಲ್ಕು ತೂತು ಇರುತ್ತಲ್ಲ, ಅವಕ್ಕೆ ಪೋರ್ಟ್ ಅಂತಾರೆ. ಆಫೀಸಲ್ಲಿ ನಾಲ್ಕು ಸಾಲಲ್ಲ, 24 ಅಥವಾ 48 ಪೋರ್ಟ್ ಇರೋ ಉದ್ದನೆ ಪೆಟ್ಟಿಗೆ ಬೇಕು. ಕಂಪ್ಯೂಟರ್, ಪ್ರಿಂಟರ್, ಸಿಸಿ ಕ್ಯಾಮೆರಾ ಎಲ್ಲದರ ಕೇಬಲ್ ಅಲ್ಲಿಗೇ ಬರುತ್ತೆ. ಯಾರ ಮಾತು ಯಾರಿಗೆ ತಲುಪಬೇಕು ಅಂತ ನೋಡಿ ಕಳಿಸೋದು ಅದರ ಕೆಲಸ.

ಒಂದು ಪೆಟ್ಟಿಗೆ ತುಂಬಿದ್ರೆ ಇನ್ನೊಂದು ತರ್ತೀರಿ. ಅದನ್ನ ಬೇರೆಯಾಗೇ ಇಟ್ಕೋಬಹುದು, ಅಥವಾ ಹಿಂದುಗಡೆಯಿಂದ ದಪ್ಪನೆ ವಿಶೇಷ ಕೇಬಲ್ ಹಾಕಿ ಎರಡನ್ನೂ ಕಟ್ಟಬಹುದು. ಹಾಗೆ ಕಟ್ಟಿದಾಗ ಎರಡೂ ಸೇರಿ ಒಂದೇ ಸ್ವಿಚ್ ಥರ ನಡ್ಕೊಳ್ತವೆ. ಒಂದೇ ವಿಳಾಸ, ಒಂದೇ ಪಾಸ್‌ವರ್ಡ್, ಒಂದೇ ಸೆಟ್ಟಿಂಗ್. ಇದೇ ಸ್ಟ್ಯಾಕ್. ಸಿಸ್ಕೋ ಕಂಪನಿ 2003ರಲ್ಲಿ ತಂದ ಕ್ಯಾಟಲಿಸ್ಟ್ 3750 ಅನ್ನೋ ಮಾಡೆಲ್‌ನಲ್ಲಿ ಹೀಗೆ 9 ಪೆಟ್ಟಿಗೆಗಳನ್ನ ಕಟ್ಟಬಹುದಿತ್ತು. ಆಮೇಲೆ ಬಂದ 9300ರಲ್ಲಿ 8.

ನಮ್ಮ ಕಡೆ ಲೆಕ್ಕದಲ್ಲಿ ಹೇಳ್ತೀನಿ. ಕೊಬ್ಬರಿ ಮಂಡಿಲಿ ಹಮಾಲರ ತಂಡ ನೋಡಿರ್ತೀರಿ. ಹತ್ತು ಜನ ಇದ್ರೂ ಮೇಸ್ತ್ರಿ ಒಬ್ಬನೇ. ಯಾವ ಮೂಟೆ ಯಾವ ಅಟ್ಟಿಗೆ ಹೋಗ್ಬೇಕು ಅನ್ನೋದು ಅವನ ತಲೇಲಿರುತ್ತೆ. ಸ್ಟ್ಯಾಕಲ್ಲೂ ಒಂದು ಪೆಟ್ಟಿಗೆ ಮೇಸ್ತ್ರಿ. ಹಳೇ ಮಾಡೆಲ್‌ಗಳಲ್ಲಿ ಅದಕ್ಕೆ ಮಾಸ್ಟರ್ ಅಂತಾರೆ, ಹೊಸದರಲ್ಲಿ ಆಕ್ಟಿವ್ ಅಂತಾರೆ. ಉಳಿದವು ಮೆಂಬರ್. ಮೇಸ್ತ್ರಿ ಕೈಲಿರೋ ಚೀಟಿ ಪ್ರಕಾರ ಎಲ್ಲಾ ನಡೀತವೆ.

ಈಗ ಯೋಚನೆ ಮಾಡಿ. ಆ ತಂಡಕ್ಕೆ ಹೊಸ ಹಮಾಲ ಒಬ್ಬ ಬಂದು ಸೇರಿದ್ರೆ ತೊಂದರೆ ಇಲ್ಲ. ಬಂದವನೂ ಇನ್ನೊಬ್ಬ ಮೇಸ್ತ್ರಿ ಆಗಿದ್ರೆ? ಅದೂ ಬೇರೆ ಊರಿನ ಗೋಡೌನ್ ಚೀಟಿ ಜೇಬಲ್ಲಿಟ್ಕೊಂಡು ಬಂದಿದ್ರೆ? ನಮ್ಮಲ್ಲಿ ಆಗಿದ್ದು ಅದೇ.

ಆ ದಿನ

ಡಿಗ್ರಿ ಮುಗಿಸಿ ಎರಡನೇ ವರ್ಷ. ತಿಪಟೂರಿನ ಒಂದು ಸಂಸ್ಥೇಲಿ ಲೆಕ್ಕ ಬರೀತಿದ್ದೆ. ಹೆಸರು ಬೇಡ. ಕೊಬ್ಬರಿ ವ್ಯಾಪಾರವೂ ಇತ್ತು, ಕಾಯಿ ಪುಡಿ ಮಾಡೋ ಘಟಕವೂ ಇತ್ತು. ಆಫೀಸು, ಎರಡು ಗೋಡೌನು, ತೂಕದ ಸೇತುವೆ, ಪ್ಯಾಕಿಂಗ್ ಶೆಡ್ಡು. ಎರಡು ಹಳೇ 3750 ಸ್ವಿಚ್‌ಗಳ ಸ್ಟ್ಯಾಕ್ ಇತ್ತು, 48 ಪೋರ್ಟೂ ತುಂಬಿತ್ತು. ಹೊಸ ಶೆಡ್‌ಗೆ ಕ್ಯಾಮೆರಾ ಹಾಕ್ಬೇಕು ಅಂತ ಸಾಹುಕಾರ್ರು ಹೇಳಿದ್ರು. ಬೆಂಗಳೂರಿನ ಎಸ್.ಪಿ. ರೋಡಿಂದ ಅದೇ ಮಾಡೆಲ್‌ನ ಸೆಕೆಂಡ್‌ಹ್ಯಾಂಡ್ ಸ್ವಿಚ್ ಒಂದನ್ನ ತರಿಸಿದ್ವಿ. ಹಿಂದೆ ಯಾವುದೋ ಆಫೀಸಲ್ಲಿ ಕೆಲಸ ಮಾಡಿದ್ದ ಪೆಟ್ಟಿಗೆ ಅದು.

ಹಾಕೋಕೆ ಬಂದವನು ಚಿಕ್ಕನಾಯಕನಹಳ್ಳಿ ಕಡೆ ಹುಡುಗ. ಡಿಪ್ಲೊಮಾ ಮುಗಿಸಿ ಕೇಬಲಿಂಗ್ ಕೆಲಸ ಮಾಡ್ಕೊಂಡಿದ್ದ. ಅವನ ಹೆಸರೂ ಹೇಳಲ್ಲ, ಅವನೇ ಬೇಡ ಅಂದಿದ್ದಾನೆ.

ಅವನು ಬಂದಿದ್ದು ಹರಾಜಿನ ದಿನ. ಬೇರೆ ಕಡೆ ಕೇಳುಗರಿಗೆ ಸ್ವಲ್ಪ ಹೇಳ್ಬೇಕು. ತಿಪಟೂರು ಎಪಿಎಂಸಿ ಉಂಡೆ ಕೊಬ್ಬರಿಗೆ ದೇಶದಲ್ಲೇ ಹೆಸರಾದ ಮಾರುಕಟ್ಟೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಹುಳಿಯಾರು ಕಡೆಯಿಂದೆಲ್ಲಾ ಮಾಲು ಬರುತ್ತೆ. ಇಲ್ಲಿಂದ ಉತ್ತರ ಭಾರತಕ್ಕೆ ಹೋಗುತ್ತೆ. ಹರಾಜು ಈಗ ಕೂಗಿ ನಡೆಯಲ್ಲ. 2014ರಲ್ಲಿ ರಾಜ್ಯ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಸೇರಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವೀಸಸ್ ಅನ್ನೋ ಸಂಸ್ಥೆ ಮಾಡಿದ್ರು. ಅದರ ವ್ಯವಸ್ಥೇಲಿ ಪ್ರತಿ ರಾಶಿಗೂ ಒಂದು ಲಾಟ್ ನಂಬರ್. ವರ್ತಕರು ಆನ್‌ಲೈನಲ್ಲಿ ದರ ಹಾಕ್ತಾರೆ. ಸಮಯ ಮುಗಿದ ಮೇಲೆ ಹಾಕೋಕಾಗಲ್ಲ.

ಈಗ ಕೇಳಿ. ಬೆಳಗ್ಗೆ ಹನ್ನೊಂದರ ಸುಮಾರು. ಹುಡುಗ ಹೊಸ ಸ್ವಿಚ್ಚನ್ನ ಟೇಬಲ್ ಮೇಲೆ ಆನ್ ಮಾಡಿ ಇಟ್ಟಿದ್ದ. ಹಳೇ ಪಾಸ್‌ವರ್ಡ್ ತೆಗೆದು ಹೊಸದು ಹಾಕಿದ್ದ. ಉಳಿದ ಸೆಟ್ಟಿಂಗ್ ಕೂರಿಸಿದ ಮೇಲೆ ನೋಡೋಣ ಅಂತ ಬಿಟ್ಟಿದ್ದ. ಅದು ಅವನ ತಪ್ಪು, ಅವನೇ ಒಪ್ಕೊಳ್ತಾನೆ.

ನನ್ನ ಹತ್ರ ಬಂದು, "ಅಣ್ಣ, ಇವತ್ತು ಜನ ಜಾಸ್ತಿ ಅವ್ರೆ. ಭಾನುವಾರ ಬಂದು ಹಾಕ್ಲಾ?" ಅಂದ.

"ಭಾನುವಾರ ಬೀಗ ತೆಗೆಯೋರು ಯಾರಪ್ಪ? ಈಗ್ಲೇ ಹಾಕಿ ಮುಗಿಸು. ಯಾವುದನ್ನೂ ಆಫ್ ಮಾಡ್ಬೇಡ, ಬಿಲ್ಲಿಂಗ್ ನಡೀತಿದೆ" ಅಂದೆ.

"ಹಳೇದು ಮುಟ್ಟಲ್ಲ ಅಣ್ಣ. ಹೊಸದನ್ನಾದ್ರೂ ಆಫ್ ಮಾಡ್ಕೊಂಡು ಹಾಕ್ಲಾ?"

"ಅದು ಆನ್ ಆಗೋಕೇ ಐದು ನಿಮಿಷ ತಗೊಂಡ್ತು. ಮತ್ತೆ ಯಾಕೆ ಆಫ್ ಮಾಡ್ತೀಯ? ಏನೂ ಆಫ್ ಮಾಡ್ಬೇಡ ಅಂದ್ನಲ್ಲ."

ಅವನು ಕೇಳಿದ್ದ. ಸರಿಯಾದ ಪ್ರಶ್ನೇನೇ ಕೇಳಿದ್ದ. ಬೇಡ ಅಂದಿದ್ದು ನಾನು.

ಆನ್ ಇದ್ದ ಪೆಟ್ಟಿಗೆಗೆ ಸ್ಟ್ಯಾಕ್ ಕೇಬಲ್ ಚುಚ್ಚಿದ. ಸ್ವಲ್ಪ ಹೊತ್ತು ಏನೂ ಆಗ್ಲಿಲ್ಲ. ಆಮೇಲೆ ಹಳೇ ಎರಡೂ ಸ್ವಿಚ್‌ನ ದೀಪ ಒಟ್ಟಿಗೇ ಆರಿದ್ವು. ಫ್ಯಾನ್ ಜೋರಾಗಿ ತಿರುಗೋಕೆ ಶುರು. ನಮ್ಮ ಕ್ಯಾಮೆರಾಗಳಿಗೆ ಕರೆಂಟೂ ಸ್ವಿಚ್ಚಿಂದಾನೇ ಹೋಗ್ತಿತ್ತು, ಅವೂ ಕಪ್ಪು. ಬಿಲ್ಲಿಂಗ್ ಕೌಂಟರಿಂದ "ಸರ್, ಹೋಯ್ತು!" ಅಂತ ಕೂಗು.

ಆರೇಳು ನಿಮಿಷಕ್ಕೆ ಮತ್ತೆ ಹಸಿರು ದೀಪ ಬಂತು. ಉಸಿರು ಬಿಟ್ಟೆ. ಆದ್ರೆ ಏನೂ ಓಪನ್ ಆಗ್ತಿಲ್ಲ. ನಾನು ಫೋನ್ ಹ್ಯಾಂಗ್ ಆದ್ರೆ ಏನ್ ಮಾಡ್ತೀವೋ ಅದನ್ನೇ ಹೇಳಿದೆ: "ಸೇವ್ ಮಾಡಿ ರೀಸ್ಟಾರ್ಟ್ ಮಾಡೋ." ಗಾಬರೀಲಿ ಅವನೂ ಸೇವ್ ಕೊಟ್ಟ. ಅಲ್ಲಿಗೆ ನಮ್ಮ ಹಳೇ ಸೆಟ್ಟಿಂಗ್ ಪೂರ್ತಿ ಹೋಯ್ತು. ಬ್ಯಾಕಪ್ ಯಾರ ಹತ್ರಾನೂ ಇರ್ಲಿಲ್ಲ.

ಒಳಗೆ ಏನಾಯ್ತು?

ಆನ್ ಇರೋ ಎರಡು ಸ್ಟ್ಯಾಕ್‌ಗಳನ್ನ ಕೇಬಲ್‌ನಿಂದ ಕೂಡಿಸಿದ್ರೆ ಒಂದು ಚುನಾವಣೆ ನಡೆಯುತ್ತೆ. ಒಂಟಿ ಸ್ವಿಚ್ ಕೂಡ ತನ್ನ ಮಟ್ಟಿಗೆ ಒಂದು ಸ್ಟ್ಯಾಕೇ. ಅದಕ್ಕೆ ಅದೇ ಮೇಸ್ತ್ರಿ. ಇಬ್ಬರು ಮೇಸ್ತ್ರಿ ಎದುರಾದಾಗ ಮೊದಲು ನೋಡೋದು ಪ್ರಯಾರಿಟಿ ಅನ್ನೋ ನಂಬರ್. 1ರಿಂದ 15ರವರೆಗೆ ಕೊಡಬಹುದು. ಏನೂ ಕೊಡದಿದ್ರೆ 1. ದೊಡ್ಡ ನಂಬರ್ ಇರೋನು ಗೆಲ್ತಾನೆ. ಸೋತವನೂ, ಅವನ ತಂಡದವರೂ ರೀಸ್ಟಾರ್ಟ್ ಆಗಿ ಬಂದು ಗೆದ್ದವನ ಸೆಟ್ಟಿಂಗ್ ಒಪ್ಕೊಳ್ತಾರೆ.

ನಮ್ಮ ಹಳೇ ಸ್ವಿಚ್‌ಗಳಿಗೆ ಯಾರೂ ಪ್ರಯಾರಿಟಿ ಕೊಟ್ಟಿರ್ಲಿಲ್ಲ. ಎರಡೂ 1. ಸೆಕೆಂಡ್‌ಹ್ಯಾಂಡ್ ಪೆಟ್ಟಿಗೆ ಹಿಂದಿನ ಆಫೀಸಲ್ಲಿ ಮೇಸ್ತ್ರಿ ಆಗಿತ್ತು. ಅದಕ್ಕೆ 15 ಇತ್ತು. ಬಂತು, ಗೆಲ್ತು, ಆ ಆಫೀಸಿನ ಚೀಟೀನ ನಮ್ಮ ತಂಡಕ್ಕೆ ಓದಿ ಹೇಳ್ತು. ಯಾವ ಪೋರ್ಟ್ ಬಿಲ್ಲಿಂಗ್‌ಗೆ, ಯಾವುದು ಕ್ಯಾಮೆರಾಗೆ ಅಂತ ಬೇರೆ ಬೇರೆ ಗುಂಪು ಮಾಡಿರ್ತಾರೆ, ಅದಕ್ಕೆ ವಿಲ್ಯಾನ್ ಅಂತಾರೆ. ಆ ಗುಂಪುಗಳೆಲ್ಲಾ ಕಲಸಿ ಹೋದ್ವು. ಜೊತೆಗೆ ನಂಬರೂ ಬದಲು. ಹೊಸದು 1 ಅಂತ ಕೂತ್ಕೊಂಡ್ತು, ನಮ್ಮ ಹಳೇ 1 ಹೋಗಿ 3 ಆಯ್ತು. ಯಂತ್ರ ತನ್ನ ನಿಯಮದ ಪ್ರಕಾರಾನೇ ನಡ್ಕೊಂಡಿತ್ತು.

ಸಂಜೆವರೆಗೂ

ಇಬ್ಬರು ಮೊಬೈಲ್ ಹಾಟ್‌ಸ್ಪಾಟ್ ಹಾಕ್ಕೊಂಡು ದರ ಹಾಕೋಕೆ ಕೂತ್ರು. ನಲವತ್ತು ಲಾಟ್ ಹಿಡೀಬೇಕು ಅಂತಿತ್ತು, ಒಂದು ಹತ್ತಕ್ಕೆ ಹಾಕೋದ್ರಲ್ಲಿ ಸಮಯ ಮುಗೀತು. ತೂಕದ ಸೇತುವೆ ನಡೀತಿತ್ತು, ಆದ್ರೆ ಅದರ ಲೆಕ್ಕ ಬಿಲ್ಲಿಂಗ್‌ಗೆ ಬರ್ತಿಲ್ಲ. ಚೀಟಿ ಕೈಲಿ ಬರೆದ್ವಿ. ಬಿಲ್ ಇಲ್ದೆ ದುಡ್ಡು ಕೊಡೋ ಹಾಗಿಲ್ಲ. ಟಾಟಾ ಏಸ್‌ಗಳು ಗೇಟಿಂದ ಆಚೆವರೆಗೂ ನಿಂತ್ವು.

ತುರುವೇಕೆರೆ ಕಡೆಯವರು ಒಬ್ಬ ಯಜಮಾನ್ರು ಇದ್ರು. ಹನ್ನೆರಡು ಚೀಲ ತಂದಿದ್ರು. ಕಾಯಿ ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಕಾದು, ಒಳಗಿನ ನೀರು ಇಂಗಿ, ಅಲ್ಲಾಡಿಸಿದ್ರೆ ಗಟಗಟ ಅನ್ನೋವರೆಗೂ ಬಿಟ್ಟು, ಸುಲಿದು, ಒಡೆದು ತಂದ ಮಾಲು. ಬೈಲಿಲ್ಲ, ಕೂಗಾಡ್ಲಿಲ್ಲ. ಏಳು ಗಂಟೆಗೆ ನನ್ನ ಟೇಬಲ್ ಹತ್ರ ಬಂದು, "ವರ್ಷ ಕಾದಿದೀನಿ ಕಣಪ್ಪ, ಇನ್ನೊಂದು ದಿನ ಕಾಯ್ಬೋದು. ಆದ್ರೆ ಕೊನೇ ಬಸ್ಸು ಕಾಯಲ್ಲ. ಬರೆದಿರೋ ಚೀಟಿಗೆ ಒಂದು ಸೀಲಾದ್ರೂ ಒತ್ಕೊಡು" ಅಂದ್ರು. ಒತ್ತಿ ಕೊಟ್ಟೆ. ಅವತ್ತು ನಾನು ಮಾಡಿದ ಒಂದೇ ಸರಿಯಾದ ಕೆಲಸ ಅದು ಅನ್ಸುತ್ತೆ.

ರಾತ್ರಿ ರಿಪೇರಿ ಆಗಿದ್ದು ಹೇಗೆ ಗೊತ್ತಾ? ಹಳೇ ಕೇಬಲಿಂಗ್ ಬಿಲ್ಲಿಂದ. ಒಂದು ವರ್ಷದ ಹಿಂದೆ ಆ ಬಿಲ್ ಪಾಸ್ ಮಾಡುವಾಗ, ಪಾಯಿಂಟ್ ಲೆಕ್ಕದಲ್ಲಿ ದುಡ್ಡು ಕೇಳ್ತಿದ್ದೀರಿ, ಯಾವ ಪಾಯಿಂಟ್ ಎಲ್ಲಿ ಅಂತ ಪಟ್ಟಿ ಕೊಡಿ ಅಂತ ನಾನು ಹಟ ಹಿಡಿದಿದ್ದೆ. 48 ಸಾಲಿನ ಪಟ್ಟಿ, ವೋಚರ್ ಜೊತೆ ಪಿನ್ ಮಾಡಿ ಫೈಲಲ್ಲಿತ್ತು. ಅದನ್ನ ನಾನು ಓದ್ತಾ ಹೋದೆ, ಹುಡುಗ ಒಂದೊಂದೇ ಪೋರ್ಟ್ ಕಟ್ತಾ ಹೋದ. ಮುಗಿದಾಗ ರಾತ್ರಿ ಒಂದು ಗಂಟೆ.

ಬೆಳಗ್ಗೆ ಸಾಹುಕಾರ್ರು ಇಬ್ಬರನ್ನೂ ನಿಲ್ಲಿಸಿ ಕೇಳಿದ್ರು: "ಹರಾಜಿನ ದಿನ ಮುಟ್ಟು ಅಂತ ನಿಂಗೆ ಯಾರು ಹೇಳಿದ್ದು?"

ಹುಡುಗ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಅವನು ಏನೂ ಹೇಳ್ಲಿಲ್ಲ. "ಇವನ ಬಿಲ್ ಕೊಡ್ಬೇಡ" ಅಂತ ಸಾಹುಕಾರ್ರು ನನಗೇ ಹೇಳಿದ್ರು. 4,500 ರೂಪಾಯಿ.

ಸರಿಯಾದ ದಾರಿ

ಈಗ ಕೆಲಸದ ಮಾತು. ನಮ್ಮ ಊರಲ್ಲಿ ಕ್ಯಾಮೆರಾ, ಕೇಬಲಿಂಗ್ ಕೆಲಸ ಮಾಡೋ ಹುಡುಗ್ರು ಬಹಳ ಜನ ಈ ಪಾಡ್‌ಕಾಸ್ಟ್ ಕೇಳ್ತೀರಿ. ಇದನ್ನ ಬರ್ಕೊಳ್ಳಿ. ನಾನು ಹೇಳೋದು ಸಿಸ್ಕೋ ಸ್ಟ್ಯಾಕ್ ಲೆಕ್ಕದಲ್ಲಿ. ಬೇರೆ ಕಂಪನಿಗಳಲ್ಲಿ ಹೆಸರು, ಕಮಾಂಡ್ ಬೇರೆ ಇರುತ್ತೆ, ಅವರ ಕೈಪಿಡಿ ನೋಡಿ.

ಮೊದಲನೇದು, ಬ್ಯಾಕಪ್. ಹಳೇ ಸ್ಟ್ಯಾಕ್‌ನ ಪೂರ್ತಿ ಸೆಟ್ಟಿಂಗ್ ಲ್ಯಾಪ್‌ಟಾಪ್‌ಗೆ ತಗೊಳ್ಳಿ. "ಶೋ ಸ್ವಿಚ್" ಅಂತ ಕೊಟ್ರೆ ಯಾರು ಮಾಸ್ಟರ್, ಯಾರ ನಂಬರ್ ಎಷ್ಟು, ಪ್ರಯಾರಿಟಿ ಎಷ್ಟು ಎಲ್ಲಾ ಬರುತ್ತೆ. ಅದರ ಫೋಟೋನಾದ್ರೂ ಇಟ್ಕೊಳ್ಳಿ.

ಎರಡನೇದು, ಹಳೇ ಸ್ಟ್ಯಾಕ್‌ಗೆ ಮೇಸ್ತ್ರಿ ಯಾರು ಅಂತ ನೀವೇ ಬರೆದಿಡಿ. ಒಂದಕ್ಕೆ 15, ಅದಿಲ್ಲದಿದ್ರೆ ಯಾರು ಅನ್ನೋದಕ್ಕೆ 14. ನಮ್ಮ ಕಡೆ ಇದು ಇನ್ನೂ ಮುಖ್ಯ. ಕರೆಂಟ್ ಹೋಗಿ, ಯುಪಿಎಸ್ಸೂ ಖಾಲಿಯಾಗಿ, ಮತ್ತೆ ಎಲ್ಲಾ ಒಟ್ಟಿಗೆ ಆನ್ ಆದಾಗ ಚುನಾವಣೆ ಹೊಸದಾಗಿ ನಡೆಯುತ್ತೆ. ಎಲ್ಲಾ ಸಮ ಇದ್ರೆ ಕೊನೆಗೆ ಮ್ಯಾಕ್ ವಿಳಾಸ ಚಿಕ್ಕದಿರೋದು ಗೆಲ್ಲುತ್ತೆ. ಅದು ಸಾಮಾನ್ಯವಾಗಿ ಎಲ್ಲಕ್ಕಿಂತ ಹಳೇ ಪೆಟ್ಟಿಗೆ ಆಗಿರುತ್ತೆ.

ಮೂರನೇದು, ಹೊಸದನ್ನ ಒಂಟಿಯಾಗಿ ಟೇಬಲ್ ಮೇಲಿಟ್ಟು ತೊಳೀರಿ. ಅಂದ್ರೆ ಒಳಗಿರೋ ಹಳೇ ಸೆಟ್ಟಿಂಗ್ ಅಳಿಸಿ. ಸೆಕೆಂಡ್‌ಹ್ಯಾಂಡ್ ಆದ್ರೆ ಇದನ್ನ ಬಿಡಲೇಬಾರದು. ಇಲ್ಲಿ ಎರಡು ಮೋಸ ಇದೆ. "ರೈಟ್ ಇರೇಸ್" ಕೊಟ್ರೆ ಸೆಟ್ಟಿಂಗ್ ಹೋಗುತ್ತೆ, ಆದ್ರೆ ವಿಲ್ಯಾನ್ ಪಟ್ಟಿ ಬೇರೆ ಫೈಲಲ್ಲಿರುತ್ತೆ, ಅದನ್ನ ಬೇರೆಯಾಗಿ ಅಳಿಸ್ಬೇಕು. ಪ್ರಯಾರಿಟಿ ಮತ್ತು ಸ್ಟ್ಯಾಕ್ ನಂಬರ್ ಎರಡಕ್ಕೂ ಹೋಗಲ್ಲ! ಅವು ಪೆಟ್ಟಿಗೆಗೇ ಅಂಟ್ಕೊಂಡಿರುತ್ತವೆ. ಕೈಯಾರೆ ಪ್ರಯಾರಿಟೀನ 1 ಮಾಡಿ.

ನಾಲ್ಕನೇದು, ಸಾಫ್ಟ್‌ವೇರ್. ಹಳೇದರಲ್ಲಿರೋ ಆವೃತ್ತಿ, ಅದೇ ದರ್ಜೆಯ ಲೈಸೆನ್ಸ್ ಹೊಸದರಲ್ಲೂ ಇರ್ಬೇಕು. ಇಲ್ಲಾಂದ್ರೆ ಸೇರುತ್ತೆ, ಆದ್ರೆ "ವರ್ಶನ್ ಮಿಸ್‌ಮ್ಯಾಚ್" ಅಂತ ತೋರಿಸಿ ಕೆಲಸ ಮಾಡದೆ ಕೂತಿರುತ್ತೆ. ಟೇಬಲ್ ಮೇಲೇ ಸರಿ ಮಾಡ್ಕೊಂಡ್ರೆ ನೆಮ್ಮದಿ.

ಐದನೇದು, ಜಾಗ ಕಾದಿರಿಸೋದು. ಮೂರನೇ ನಂಬರಲ್ಲಿ ಇಂಥ ಮಾಡೆಲ್ ಬರುತ್ತೆ ಅಂತ ಹಳೇ ಸ್ಟ್ಯಾಕ್‌ಗೆ ಮೊದಲೇ ಹೇಳಿಡಬಹುದು, ಅದರ ಪೋರ್ಟ್‌ಗಳ ಸೆಟ್ಟಿಂಗನ್ನೂ ಬರೆದಿಡಬಹುದು. ಇದಕ್ಕೆ ಪ್ರೊವಿಶನ್ ಅಂತಾರೆ. ಮದುವೆ ಮನೇಲಿ ಎಲೆ ಹಾಕಿಟ್ಟ ಹಾಗೆ. ಬಂದವರು ಕೂತ್ಕೊಳ್ಳೋದಷ್ಟೇ. ನಾನು ಲೆಕ್ಕದವನು, ಪ್ರೊವಿಶನ್ ಅನ್ನೋ ಪದ ಕೇಳಿ ನನಗೆ ಖುಷಿಯಾಯ್ತು. ನಮ್ಮಲ್ಲೂ ಮುಂದೆ ಬರೋ ಖರ್ಚಿಗೆ ಮೊದಲೇ ಎತ್ತಿಡೋದಕ್ಕೆ ಅದೇ ಹೆಸರು.

ಆರನೇದು, ಎಲ್ಲಕ್ಕಿಂತ ಮುಖ್ಯ. ಹೊಸ ಸ್ವಿಚ್ಚನ್ನ ಆಫ್ ಮಾಡಿ. ಪವರ್ ಕೇಬಲ್ಲನ್ನೇ ಕಿತ್ತಿಡಿ. ಆಮೇಲೆ ಸ್ಟ್ಯಾಕ್ ಕೇಬಲ್. ಸ್ಟ್ಯಾಕ್ ಕೇಬಲ್‌ಗಳು ಒಂದು ಉಂಗುರದ ಥರ ಸುತ್ತಿರುತ್ತವೆ. ಒಂದು ಕಡೆ ಮಾತ್ರ ಬಿಚ್ಚಿ. ಒಂದು ಬಿಚ್ಚಿದ್ರೆ ವೇಗ ಅರ್ಧ ಆಗುತ್ತೆ, ಕೆಲಸ ನಿಲ್ಲಲ್ಲ. ಎರಡು ಕಡೆ ಬಿಚ್ಚಿದ್ರೆ ಸ್ಟ್ಯಾಕ್ ಒಡೆದು ಎರಡಾಗುತ್ತೆ, ಎರಡಕ್ಕೂ ಒಂದೇ ವಿಳಾಸ, ಆ ರಾಮಾಯಣ ಬೇಡ. ಬಿಚ್ಚಿದ ತುದಿಯನ್ನ ಹೊಸದಕ್ಕೆ ಹಾಕಿ, ಹೊಸದರಿಂದ ಇನ್ನೊಂದು ಕೇಬಲ್ ತಂದು ಉಂಗುರ ಮುಚ್ಚಿ.

ಈಗ ಪವರ್ ಕೊಡಿ. ಅದು ಏಳುವಾಗಲೇ ಮೇಸ್ತ್ರಿ ಇರೋದನ್ನ ನೋಡಿ ಸುಮ್ನೆ ಮೆಂಬರ್ ಆಗಿ ಕೂರುತ್ತೆ. ಬಿಲ್ಲಿಂಗ್ ಕೌಂಟರಲ್ಲಿರೋರಿಗೆ ಗೊತ್ತೂ ಆಗಲ್ಲ. "ಶೋ ಸ್ವಿಚ್" ಕೊಟ್ಟು "ರೆಡಿ" ಅಂತ ಬಂದಿದೆಯಾ ನೋಡಿ, ಪೋರ್ಟ್ ಒಂದೆರಡು ಪರೀಕ್ಷೆ ಮಾಡಿ, ಆಮೇಲೆ ಸೇವ್. ಎಲ್ಲಾ ಸರಿ ಇದೆ ಅಂತ ನೋಡೋ ಮೊದಲು ಸೇವ್ ಬೇಡ.

ಇಷ್ಟೆಲ್ಲಾ ಸರಿಯಾಗಿ ಮಾಡಿದ್ರೂ ಹರಾಜಿಲ್ಲದ ದಿನ ಮಾಡಿ.

ಬಾಕಿ ಲೆಕ್ಕ

ಇಷ್ಟಕ್ಕೆಲ್ಲಾ ಯಾಕೆ ಒಂದು ಸಂಚಿಕೆ ಅಂತ ಕೇಳ್ಬಹುದು. ನಮ್ಮ ಮೂರು ತಾಲ್ಲೂಕಲ್ಲಿ ತೋಟ ಎಷ್ಟು ಹಳೇದಾದ್ರೂ ದುಡ್ಡು ಬರೋ ದಾರಿ ಈಗ ಕೇಬಲ್ ಒಳಗಿಂದಾನೇ. 2024ರ ಆರಂಭದಲ್ಲಿ ನಾಫೆಡ್ ಖರೀದಿ ನೋಂದಣಿಗೆ ಜನ ರಾತ್ರಿಯೆಲ್ಲಾ ಸಾಲಲ್ಲಿ ನಿಂತಿದ್ದು ನೆನಪಿರ್ಬೇಕು. ಆಗ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ ಇತ್ತು, ಮೇಲೆ ರಾಜ್ಯದ್ದು 1,500. ಮೊದಲ ನೋಂದಣಿ ರದ್ದಾಗಿ, ಬೆರಳಚ್ಚು ಕೊಟ್ಟು ಮತ್ತೆ ಮಾಡಿಸ್ಬೇಕಾಯ್ತು. ಅದರ ಕಾರಣ ಬೇರೆ, ಸ್ವಿಚ್ಚಲ್ಲ. ಆದ್ರೆ ಕಂಪ್ಯೂಟರ್ ಮುಂದೆ ನಿಂತ ರೈತನಿಗೆ ಒಳಗೆ ಏನು ಕೆಟ್ಟಿದೆ ಅನ್ನೋದು ಕಾಣಲ್ಲ. ಅವನಿಗೆ ಕಾಣೋದು ಕೊನೇ ಬಸ್ಸು ಹೋಗೋದು ಮಾತ್ರ.

ಆ 4,500 ಏನಾಯ್ತು? ಪುಸ್ತಕದಲ್ಲಿ ಕೊಡಬೇಕಾದ ಬಾಕಿ ಅಂತ ಹಾಗೇ ಇತ್ತು. ಮಾರ್ಚ್ ಕೊನೇಲಿ ಲೆಕ್ಕ ಮುಗಿಸುವಾಗ ಆ ಸಾಲು ಮತ್ತೆ ಎದುರಿಗೆ ಬಂತು. ಕೊಡ್ಬೇಕು, ಇಲ್ಲ ಹೊಡೆದು ಹಾಕ್ಬೇಕು. ಹೊಡೆದು ಹಾಕೋಕೆ ಕೈ ಬರ್ಲಿಲ್ಲ. ಹೋಗಿ ಸಾಹುಕಾರ್ರಿಗೆ ಇದ್ದದ್ದು ಇದ್ದಂಗೆ ಹೇಳಿದೆ. ಆಫ್ ಮಾಡ್ಲಾ ಅಂತ ಅವನು ಕೇಳಿದ್ದ, ಬೇಡ ಅಂದಿದ್ದು ನಾನು ಅಂತ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಲೆಕ್ಕ ಬರೆಯೋನು ನೀನು. ತಪ್ಪನ್ನ ಬೇರೆಯವರ ಖಾತೆಗೆ ಬರ್ದಿದೀಯ. ತಿದ್ದು" ಅಂದ್ರು. 4,500 ನನ್ನ ಸಂಬಳದಲ್ಲಿ ಮುರ್ಕೊಂಡ್ರು. ಚಿಕ್ಕನಾಯಕನಹಳ್ಳಿಗೆ ಬಸ್ ಹತ್ತಿ ಹೋಗಿ ಅವನ ಕೈಗೆ ಕೊಟ್ಟು ಬಂದೆ. ಐದು ತಿಂಗಳು ತಡವಾಗಿ. ಅವನು ಎಣಿಸಿ ಜೇಬಿಗಿಟ್ಕೊಂಡು, "ಟೀ ಕುಡೀತೀಯಾ ಅಣ್ಣ?" ಅಂದ. ಅಷ್ಟೇ ಮಾತು.

ಮುಂದಿನ ವರ್ಷ ನಾಲ್ಕನೇ ಸ್ವಿಚ್ ಬಂತು. ಅವನನ್ನೇ ಕರೆಸಿದ್ವಿ. ಭಾನುವಾರ. ಬೀಗ ತೆಗೆಯೋಕೆ ನಾನೇ ಹೋಗಿದ್ದೆ. ಒಂದು ಕ್ಯಾಮೆರಾ ಕೂಡ ಆಫ್ ಆಗದೆ ಅರ್ಧ ಗಂಟೇಲಿ ಮುಗೀತು. ಈಗ ಅವನು ಬೆಂಗಳೂರಲ್ಲಿ ಇದೇ ಕೆಲಸದಲ್ಲಿದ್ದಾನೆ. ಈ ಸಂಚಿಕೆ ರೆಕಾರ್ಡ್ ಮಾಡೋ ಮೊದಲು ಬರೆದಿದ್ದೆಲ್ಲಾ ಅವನಿಗೆ ಕಳಿಸಿದ್ದೆ. ತಾಂತ್ರಿಕ ತಪ್ಪು ಎರಡಿದ್ವು, ತಿದ್ದಿದ. ಉಳಿದಿದ್ದಕ್ಕೆ "ಇರಲಿ ಬಿಡಣ್ಣ, ಹಾಗೇ ಹಾಕು" ಅಂತ ವಾಯ್ಸ್ ಮೆಸೇಜ್ ಬಂತು.

ಕೆಲಸ ಮಾಡೋ ಹುಡುಗ್ರಿಗೆ ನಾನು ಹೇಳೋದು ಮೇಲಿನ ಆರು ಮಾತು. ಕೆಲಸ ಮಾಡಿಸೋ ನಮ್ಮಂಥವರಿಗೆ ಒಂದೇ ಮಾತು: ಎದುರಿಗಿರೋನು "ಒಂದ್ಸಲ ಆಫ್ ಮಾಡ್ಲಾ?" ಅಂತ ಕೇಳಿದ್ರೆ, ಐದು ನಿಮಿಷದ ಲೆಕ್ಕ ಹಾಕ್ಬೇಡಿ. ಹೂಂ ಅನ್ನಿ.

ನಿಮ್ಮ ಆಫೀಸು, ಅಂಗಡಿ, ಸೊಸೈಟಿಲಿ ಇಂಥದ್ದೇನಾದ್ರೂ ಆಗಿದ್ರೆ ವಾಯ್ಸ್ ನೋಟ್ ಕಳ್ಸಿ. ಹೆಸರು ಬೇಡ ಅಂದ್ರೆ ಹೆಸರು ಹೇಳಲ್ಲ. ಮುಂದಿನ ವಾರ ಸಿಗೋಣ, ನಮಸ್ಕಾರ.